ಗಂಟಿಲ್ಲದ ದಾರ: ನಮ್ಮ ಕಡೆಯ ಸೀರೆ, ಕಸೂತಿ ಮತ್ತು ರೊಟ್ಟಿ



ಹೋದ ಚಳಿಗಾಲದಲ್ಲಿ ನಮ್ಮ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ದೇಶದ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸಾಂಸ್ಕೃತಿಕ ಸಂಜೆ ಮಾಡಿದ್ದೆವು. ಕನ್ನಡ ಸಂಘದ ಟೇಬಲ್ ಹತ್ತಿರ ನಾನು ಅಜ್ಜಿಯ ಇಳಕಲ್ ಸೀರೆ ಉಟ್ಟುಕೊಂಡು ನಿಂತಿದ್ದೆ. ಪಕ್ಕದ ಟೇಬಲ್‌ನಲ್ಲಿ ನನ್ನ ರೂಮ್‌ಮೇಟ್ ಇದ್ದಳು. ಡಬ್ಲಿನ್‌ನಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಅವಳದು ಚೀನಾದ ಶಾನ್‌ಶಿ ಪ್ರಾಂತ್ಯ, ಅಂದರೆ ಶಿಯಾನ್ ನಗರ ಇರುವ ಕಡೆ.

ಅವಳ ಟೇಬಲ್ ತುಂಬ ಕೆಂಪು ಕಾಗದದಲ್ಲಿ ಕತ್ತರಿಸಿದ ಹೂವು, ಹಕ್ಕಿ, ಮೀನು. ಬಂದವರಿಗೆಲ್ಲ ಚೆನ್ನಾಗಿ ವಿವರಿಸುತ್ತಿದ್ದಳು. ಹೊಸ ವರ್ಷದ ಹಬ್ಬಕ್ಕೆ ಇವನ್ನು ಕಿಟಕಿಗೆ ಅಂಟಿಸುತ್ತಾರೆ, ಅದಕ್ಕೇ ಇವಕ್ಕೆ ‘ಕಿಟಕಿ ಹೂ’ ಅನ್ನೋ ಹೆಸರು. ಮೀನು ಯಾಕೆ ಅಂದರೆ, ಚೀನೀ ಭಾಷೆಯಲ್ಲಿ ಮೀನಿಗೂ ‘ಮಿಗುತಾಯ’ಕ್ಕೂ ಒಂದೇ ಉಚ್ಚಾರ, ‘ಯೂ’. ಕಿಟಕಿಯಲ್ಲಿ ಮೀನಿದ್ದರೆ ವರ್ಷವಿಡೀ ಮನೆಯಲ್ಲಿ ಉಂಡು ಮಿಗಲಿ ಎಂಬ ಹಾರೈಕೆ. ಈ ಕಾಗದ ಕತ್ತರಿಸುವ ಕಲೆ 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ ಅಂತಲೂ ಹೇಳಿದಳು.

ಜನ ಕಡಿಮೆಯಾದ ಮೇಲೆ ನನ್ನ ಹತ್ತಿರ ಬಂದು ಸೀರೆಯ ಮೇಲಿನ ಕಸೂತಿ ನೋಡಿ ಕೇಳಿದಳು, “ಇದೇನು?” “ಗೋಪುರ, ದೇವಸ್ಥಾನದ್ದು” ಅಂದೆ. “ಹೇಗೆ ಹೊಲಿದಿದ್ದಾರೆ?” “ಟ್ರೆಡಿಷನಲ್ ಡಿಸೈನ್” ಅಂದೆ. ಅದು ಉತ್ತರವೇ ಅಲ್ಲ ಅಂತ ನನಗೂ ಗೊತ್ತಿತ್ತು. ಅವಳು ಸೆರಗನ್ನು ಮಗುಚಿ ನೋಡಿದಳು, ಮತ್ತೆ ಸೀದಾ ಮಾಡಿದಳು, ಮತ್ತೆ ಮಗುಚಿದಳು. “ಇದರ ಹಿಂಬದಿ ಯಾವುದು?” ಅಂತ ಕೇಳಿದಳು.

ಎರಡೂ ಕಡೆ ಗೋಪುರ ಒಂದೇ ಥರ ಇತ್ತು. ಗಂಟಿಲ್ಲ, ಜೋತಾಡುವ ದಾರವಿಲ್ಲ. ಎಷ್ಟೋ ಮದುವೆಗಳಿಗೆ ಉಟ್ಟಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ. ಆ ದಿನದಿಂದ ಅಜ್ಜಿಯ ಹತ್ತಿರ ಕೇಳಿ, ಹುಡುಕಿ, ಓದಿ, ಸ್ವತಃ ಸೂಜಿ ಹಿಡಿದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾಳೆ ನಿಮ್ಮನ್ನು ಯಾರಾದರೂ ಕೇಳಿದರೆ ನನ್ನ ಹಾಗೆ ತಡವರಿಸಬಾರದು.

ಮೊದಲು ಸೀರೆ

ಇಳಕಲ್ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಇರುವುದೂ ಅದೇ ಜಿಲ್ಲೆಯಲ್ಲೇ. ಸೀರೆಯ ಜೊತೆ ತೊಡುವ ಕುಪ್ಪಸದ ಖಣ ನೇಯುವ ಗುಳೇದಗುಡ್ಡವೂ ಅಲ್ಲೇ. ಹಾಗಾಗಿ ನಮ್ಮ ಕಡೆ ‘ಇಳಕಲ್ ಸೀರೆ, ಗುಳೇದಗುಡ್ಡ ಖಣ’ ಅಂತ ಜೋಡಿಯಾಗಿಯೇ ಹೇಳುತ್ತಾರೆ.

ಇಳಕಲ್ ಸೀರೆಯ ಗುರುತು ಅದರ ಸೆರಗು. ಸೀರೆಯ ಒಡಲು ಯಾವ ಬಣ್ಣದ್ದೇ ಇರಲಿ, ಸೆರಗು ಅಚ್ಚ ಕೆಂಪು, ಅದರ ಮೇಲೆ ಬಿಳಿ ವಿನ್ಯಾಸ. ಇದಕ್ಕೆ ‘ಟೋಪ ತೆನಿ ಸೆರಗು’ ಅನ್ನುತ್ತಾರೆ. ತೆನಿ ಅಂದರೆ ತೆನೆ, ಜೋಳದ ತೆನೆ. ಸೆರಗಿನ ವಿನ್ಯಾಸಗಳ ಹೆಸರುಗಳೂ ಹೀಗೆಯೇ ಇವೆ: ಬಾಚಣಿಗೆಯ ಹಲ್ಲಿನಂಥದು ಹಣಿಗೆ, ಕೋಟೆಯ ತೆನೆಗೋಡೆಯಂಥದು ಕೋಟಿ ಕಮ್ಮಲಿ, ಬೆಟ್ಟದ ಸಾಲಿನಂಥದು ರಂಪ.

ಇಲ್ಲೊಂದು ತಾಂತ್ರಿಕ ಪ್ರಶ್ನೆ ಇದೆ. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಎಳೆ ಹಾಸು, ಅಡ್ಡ ಹಾಯುವ ಎಳೆ ಹೊಕ್ಕು. ಹಸಿರು ಹಾಸಿನ ಸೀರೆಗೆ ಸೆರಗಿನ ಭಾಗದಲ್ಲಿ ಕೆಂಪು ಹೊಕ್ಕು ಹಾಕಿದರೆ ಏನಾಗುತ್ತದೆ? ಹಸಿರು, ಕೆಂಪು ಎರಡೂ ಬೆರೆತು ಮಾಸಲು ಬಣ್ಣ ಬರುತ್ತದೆ, ಅಚ್ಚ ಕೆಂಪು ಬರುವುದಿಲ್ಲ. ಅಚ್ಚ ಕೆಂಪು ಬೇಕಾದರೆ ಹಾಸೂ ಕೆಂಪಾಗಬೇಕು. ಅಂದರೆ ಸೀರೆಯ ಉದ್ದದ ಎಳೆಗಳನ್ನೇ ನಡುವೆ ಬದಲಾಯಿಸಬೇಕು!

ಇಳಕಲ್ಲಿನ ನೇಕಾರರು ಇದಕ್ಕೆ ಕಂಡುಕೊಂಡ ಉಪಾಯ ‘ಕೊಂಡಿ’. ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆಯದೇ ಕೆಂಪು ರೇಷ್ಮೆಯ ಹಾಸು. ಒಡಲಿನ ಪ್ರತಿಯೊಂದು ಎಳೆಯನ್ನೂ ಸೆರಗಿನ ಎಳೆಯ ಜೊತೆ ಕುಣಿಕೆ ಹಾಕಿ ಒಂದರೊಳಗೊಂದು ಸಿಕ್ಕಿಸುತ್ತಾರೆ. ಸೀರೆಯ ಅಗಲಕ್ಕೆ ಇಂಥ ಸಾವಿರಾರು ಎಳೆ. ಒಂದು ಹಾಸಿನಿಂದ ಒಂದಾದ ಮೇಲೊಂದು ಸೀರೆ ನೇಯುತ್ತ ಹೋಗುವ ಅನುಕೂಲ ಇಲ್ಲಿಲ್ಲ. ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ತಯಾರಿಸಿ, ಕೊಂಡಿ ಹಾಕಿ, ಆಮೇಲೆ ಕುಣಿ ಮಗ್ಗದಲ್ಲಿ ನೇಯಬೇಕು. ನೇಯುವವರು ಒಬ್ಬರಾದರೆ ಹಾಸು ಮಾಡುವುದು, ಬಣ್ಣ ಹಾಕುವುದು, ಕೊಂಡಿ ಕೂಡಿಸುವುದು ಅಂತ ಮನೆಮಂದಿಯ ಕೆಲಸವೆಲ್ಲ ಅದರೊಳಗೆ ಸೇರಿರುತ್ತದೆ.

ಆಮೇಲೆ ಕಸೂತಿ

ನೇಯ್ದ ಸೀರೆಯ ಮೇಲೆ ಸೂಜಿಯಿಂದ ಮಾಡುವುದು ಕಸೂತಿ. ಧಾರವಾಡ ಸೀಮೆಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಮದುವಣಗಿತ್ತಿಗೆ ಕೊಡುತ್ತಿದ್ದ ಕಪ್ಪು ‘ಚಂದ್ರಕಾಳಿ’ ಸೀರೆಯ ಮೇಲೆ ಕಸೂತಿ ಇರಲೇಬೇಕಿತ್ತು. ಅಂಬಾರಿ ಹೊತ್ತ ಆನೆ, ತೇರು, ತುಳಸಿಕಟ್ಟೆ, ನವಿಲು, ತೊಟ್ಟಿಲು, ನಂದಿ, ಗೋಪುರ, ಹೀಗೆ ಹೆಣ್ಣುಮಕ್ಕಳು ಮನೆಯಲ್ಲಿ, ಜಾತ್ರೆಯಲ್ಲಿ ಕಂಡದ್ದೆಲ್ಲ ಸೀರೆಯ ಮೇಲೆ ಬಂದಿದೆ. ನಮ್ಮ ಅಜ್ಜಿ ನವಲಗುಂದ ಕಡೆಯ ಹಳ್ಳಿಯವರು. ಹದಿಹರೆಯದಲ್ಲಿ ಅವರ ಅವ್ವನ ಪಕ್ಕ ಕೂತು ಕಲಿತದ್ದಂತೆ.

ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆ.

ಗವಂತಿ: ಗೆರೆ ಎಳೆದ ಹಾಗೆ ಬರುವ ಹೊಲಿಗೆ. ಎರಡೂ ಬದಿ ಒಂದೇ ಥರ.

ಮುರಗಿ: ಮೆಟ್ಟಿಲಿನ ಹಾಗೆ, ಅಂಕುಡೊಂಕಾಗಿ ಸಾಗುವುದು. ಇದೂ ಎರಡೂ ಬದಿ ಒಂದೇ ಥರ.

ನೇಯ್ಗೆ: ಉದ್ದ, ಗಿಡ್ಡ ಹೊಲಿಗೆಗಳ ಸಾಲು. ದೂರದಿಂದ ನೋಡಿದರೆ ಬಟ್ಟೆಯಲ್ಲೇ ನೇಯ್ದ ಹಾಗೆ ಕಾಣುತ್ತದೆ.

ಮೆಂತೆ: ಕತ್ತರಿ ಗುರುತಿನ ಹೊಲಿಗೆ, ಮೆಂತ್ಯದ ಕಾಳಿನ ಹಾಗೆ ತುಂಬಿಕೊಂಡಿರುತ್ತದೆ. ಹಿಂಬದಿ ಬೇರೆ ಕಾಣುತ್ತದೆ.

ನಿಯಮಗಳು ಎರಡೇ, ಆದರೆ ಕಠಿಣ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆಯುವಂತಿಲ್ಲ, ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಒಂದು ಎಳೆ ತಪ್ಪಿ ಎಣಿಸಿದರೆ ಮುಂದೆಲ್ಲೋ ಗೋಪುರದ ಎರಡು ಬದಿ ಕೂಡುವುದಿಲ್ಲ. ಬಿಚ್ಚಿ ಮತ್ತೆ ಹೊಲಿಯಬೇಕು.

ಸೂಜಿಯ ದಾರಿ

ಎರಡೂ ಬದಿ ಒಂದೇ ಥರ ಬರುವುದು ಹೇಗೆ? ವಿಡಿಯೋ ಕಾಲ್‌ನಲ್ಲಿ ಅಜ್ಜಿಯನ್ನು ಕೇಳಿದೆ. “ಹೆಂಗ ಹೇಳ್ಲಿ ತಂಗಿ? ಅರಿವಿ ಕೈಯಾಗ ಕೊಟ್ರ ಮಾಡಿ ತೋರಸ್ತೇನಿ” ಅಂದರು. ಅವರಿಗೀಗ ಕಣ್ಣು ಮಂಜು, ಕಪ್ಪು ಸೀರೆಯ ಎಳೆ ಕಾಣುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಹೇಳಿದರು: “ಒಂದು ಮ್ಯಾಲೆ, ಒಂದು ಕೆಳಗ, ಹಂಗ ಹೋಗು. ಹೋದ ದಾರಿಲೇ ಹೊಳ್ಳಿ ಬಾ. ಖಾಲಿ ಬಿಟ್ಟಿದ್ದು ತುಂಬ್ಕೋತ ಬಾ. ನಡುವ ಕವಲು ಬಂದ್ರ ಅದನ್ನ ಮುಗಿಸಿ ಮುಂದ ನಡಿ.”

ಕಂಪ್ಯೂಟರ್ ಸೈನ್ಸ್ ಓದುವವರು ಈ ಮಾತನ್ನು ಇನ್ನೊಮ್ಮೆ ಓದಿ. ಅಲ್ಗಾರಿದಮ್ ಪುಸ್ತಕದಲ್ಲಿ ಡೆಪ್ತ್ ಫಸ್ಟ್ ಸರ್ಚ್ ಅಂತ ನಾವು ಕಲಿಯುವುದು ಇದನ್ನೇ ಅಲ್ಲವಾ?

ಒಂದು ಸಣ್ಣ ಉದಾಹರಣೆ ಮಾಡೋಣ. ಚೌಕಳಿ ಹಾಳೆಯ ಮೇಲೆ ನಾಲ್ಕು ಮನೆ ಉದ್ದದ ಒಂದು ಅಡ್ಡ ಗೆರೆ ಎಳೆಯಿರಿ. ಅದರ ನಟ್ಟನಡುವೆ ಮೇಲಕ್ಕೆ ಒಂದು ಮನೆ ಉದ್ದದ ಕವಲು. ಒಟ್ಟು ಐದು ತುಂಡು. ಎಡತುದಿಯಿಂದ ಸೂಜಿ ಹೊರಡುತ್ತದೆ.

1ನೇ ಹೊಲಿಗೆ: ಮೊದಲ ತುಂಡು, ಬಟ್ಟೆಯ ಮೇಲೆ. 2: ಎರಡನೇ ತುಂಡು, ಕೆಳಗೆ. ಈಗ ಕವಲು ಬಂತು. 3: ಕವಲು, ಮೇಲೆ. 4: ಅದೇ ಕವಲಿನಲ್ಲಿ ವಾಪಸ್, ಕೆಳಗೆ. ಕವಲು ಮುಗಿಯಿತು. 5: ಮೂರನೇ ತುಂಡು, ಮೇಲೆ. 6: ನಾಲ್ಕನೇ ತುಂಡು, ಕೆಳಗೆ. ತುದಿ ಬಂತು, ಇನ್ನು ಹೊಳ್ಳುವುದು. 7: ನಾಲ್ಕನೇ ತುಂಡು, ಮೇಲೆ. 8: ಮೂರನೆಯದು, ಕೆಳಗೆ. 9: ಎರಡನೆಯದು, ಮೇಲೆ. 10: ಮೊದಲನೆಯದು, ಕೆಳಗೆ.

ಸೂಜಿ ಹೊರಟ ಜಾಗಕ್ಕೇ ವಾಪಸ್ ಬಂತು. ಪ್ರತಿ ತುಂಡಿನ ಮೇಲೂ ಎರಡು ಸಲ ಹೋಗಿದ್ದೇವೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಆದ್ದರಿಂದಲೇ ಎರಡೂ ಬದಿ ಪೂರ್ತಿ ಗೆರೆ ಬರುತ್ತದೆ.

ಇದು ಕಾಕತಾಳೀಯವಾ, ಇಲ್ಲಾ ಎಲ್ಲ ವಿನ್ಯಾಸಕ್ಕೂ ಹೀಗೇ ಆಗುತ್ತದಾ? ಒಂದು ರಾತ್ರಿ ಕೂತು ಯೋಚಿಸಿದೆ. ಕವಲು ಎಷ್ಟೇ ಉದ್ದವಿರಲಿ, ಅದರೊಳಗೆ ಇನ್ನೆಷ್ಟೇ ಕವಲುಗಳಿರಲಿ, ಹೋದ ದಾರಿಯಲ್ಲೇ ವಾಪಸ್ ಬಂದರೆ ಹೊಲಿಗೆಗಳ ಸಂಖ್ಯೆ ಸಮವೇ ಆಗುತ್ತದೆ. ಅಂದರೆ ಒಂದು ತುಂಡನ್ನು ಮೇಲಿನಿಂದ ದಾಟಿ ಮುಂದೆ ಹೋದರೆ, ಮುಂದಿನದೆಲ್ಲ ಮುಗಿಸಿ ಅದೇ ತುಂಡಿಗೆ ಬರುವಾಗ ನಡುವೆ ಸಮಸಂಖ್ಯೆಯ ಹೊಲಿಗೆ ಆಗಿರುತ್ತದೆ, ಹಾಗಾಗಿ ಈ ಸಲ ಕೆಳಗಿನಿಂದಲೇ ದಾಟಬೇಕಾಗುತ್ತದೆ. ವಿನ್ಯಾಸದಲ್ಲಿ ಸುತ್ತಿ ಬರುವ ಮನೆಗಳಿದ್ದರೂ ತೊಂದರೆಯಿಲ್ಲ. ಆಗಲೇ ಮುಟ್ಟಿದ ಬಿಂದುವಿಗೆ ಸೇರುವ ತುಂಡನ್ನು ಕವಲು ಅಂತ ತಿಳಿದು ಹೋಗಿ ಬಂದರಾಯಿತು. ಒಂದಕ್ಕೊಂದು ಕೂಡಿಕೊಂಡಿರುವ ಯಾವ ವಿನ್ಯಾಸವನ್ನಾದರೂ ಹೀಗೆ ಹೊಲಿಯಬಹುದು, ದಾರ ಸಾಕಷ್ಟು ಉದ್ದವಿದ್ದರೆ.

1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದು ಸಲ ಮಾತ್ರ ದಾಟಿ ಊರು ಸುತ್ತುವುದು ಆಗದು ಅಂತ ತೋರಿಸಿದ್ದನ್ನು ನಾವೆಲ್ಲ ಓದಿದ್ದೇವೆ. ಒಂದೊಂದು ಸೇತುವೆಯನ್ನೂ ಎರಡೆರಡು ಸಲ ದಾಟಬಹುದು ಅಂದಿದ್ದರೆ ಆ ಊರನ್ನೂ ಸುತ್ತಿ ಬರಬಹುದಿತ್ತು. ನಮ್ಮ ಕಡೆಯ ಹೆಣ್ಣುಮಕ್ಕಳು ಸೂಜಿ ಹಿಡಿದು ದಾಟುತ್ತಿದ್ದದ್ದು ಹಾಗೆಯೇ. ಅವರಿಗೆ ಗ್ರಾಫ್ ಥಿಯರಿ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ದಾರ ಉಳಿಸಬೇಕು, ಗಂಟು ಇರಬಾರದು, ಗಾಳಿಗೆ ಸೆರಗು ಹೊರಳಿದರೂ ಚಂದ ಕಾಣಬೇಕು ಅಂತ ಮಾಡುತ್ತ ಮಾಡುತ್ತ ಸಿಕ್ಕ ದಾರಿ ಅದು.

ನೀವೂ ಮಾಡಿ ನೋಡಬೇಕಾದರೆ ಸೀರೆಯೇ ಬೇಕಿಲ್ಲ. ಇಲ್ಲಿನ ಕ್ರಾಫ್ಟ್ ಅಂಗಡಿಗಳಲ್ಲಿ ಐಡಾ ಬಟ್ಟೆ ಅಂತ ಸಿಗುತ್ತದೆ, ಚೌಕಳಿ ಹಾಳೆಯಂತೆ ತೂತು ತೂತಾಗಿ ನೇಯ್ದದ್ದು. 14 ಕೌಂಟ್ ಅಂದರೆ ಒಂದು ಇಂಚಿಗೆ 14 ಮನೆ. ಎಣಿಸುವುದು ಸುಲಭ. ನಾನು ಡಬ್ಲಿನ್‌ನಿಂದ ಬಾರ್ಟ್ ರೈಲಿನಲ್ಲಿ ಹೋಗಿ ಬರುವಾಗ ಕೂತಲ್ಲೇ ಒಂದು ಗೋಪುರ ಮುಗಿಸಿದೆ. ಮೂರು ಸಲ ಬಿಚ್ಚಿದ್ದೇನೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಸೆರಗಿನ ತೆನೆ, ತಟ್ಟೆಯ ರೊಟ್ಟಿ

ಸೆರಗಿನಲ್ಲಿ ಜೋಳದ ತೆನೆ ಯಾಕೆ ಬಂತು ಅಂತ ಬೇರೆ ಹೇಳಬೇಕಿಲ್ಲ. ಅದು ಎರೆಮಣ್ಣಿನ ಸೀಮೆ. ಕಪ್ಪು ಎರೆ ಮಳೆಗಾಲದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಹೆಚ್ಚು ಮಳೆ ಬರದಿದ್ದರೂ ಮಣ್ಣಿನೊಳಗಿನ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಬೆಳೆ ಬರುತ್ತದೆ. ಪೈರು ಹೊಲದಲ್ಲಿ ನಿಂತಿರುವಾಗ, ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಎಳ್ಳಮವಾಸ್ಯೆ. ಅವತ್ತು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ.

ಆ ಜೋಳವೇ ರೊಟ್ಟಿ. ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಚಪಾತಿ ಹಾಗೆ ತಣ್ಣೀರಲ್ಲಿ ಕಲಸಿ ಲಟ್ಟಿಸಲು ಹೋಗಿ ಒಡೆದುಹೋಯಿತು ಅಂತ ಕೈಬಿಟ್ಟವರು ನಮ್ಮಲ್ಲೇ ತುಂಬಾ ಜನ ಇದ್ದೀರಿ. ತಪ್ಪು ನಿಮ್ಮದಲ್ಲ. ಗೋಧಿಯಲ್ಲಿ ಗ್ಲೂಟೆನ್ ಇದೆ, ನೀರು ಬಿದ್ದು ನಾದಿದಾಗ ಅದು ಬಲೆಯಂತಾಗಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಜೋಳದ ಹಿಟ್ಟನ್ನು ಹಿಡಿದಿಡುವುದು ಪಿಷ್ಟ, ಅದೂ ಬಿಸಿ ತಾಗಿ ಅಂಟಾದ ಮೇಲೆ. ಅದಕ್ಕೇ ಎಸರು ಕುದಿಸಬೇಕು. ಕುದಿಯುವ ನೀರನ್ನು ಹಿಟ್ಟಿನ ನಡುವೆ ಹಾಕಿ, ಸ್ವಲ್ಪ ಆರಿದ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಆಮೇಲೆ ಒಣಹಿಟ್ಟು ಉದುರಿಸಿ, ಕೈಯಿಂದ ತಿರುಗಿಸುತ್ತ ಬಡಿಯಬೇಕು. ಹಂಚಿಗೆ ಹಾಕಿದ ಕೂಡಲೇ ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ಇಲ್ಲಾಂದ್ರೆ ಮೇಲ್ಮೈ ಒಣಗಿ ಬಿರಿಯುತ್ತದೆ. ನೀರು ಆರುತ್ತಿದ್ದಂತೆ ಮಗುಚಿ ಹಾಕಿ. ಒಳಗಿನ ಹಬೆ ರೊಟ್ಟಿಯನ್ನು ಉಬ್ಬಿಸುತ್ತದೆ. ಹಳೆಯ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ಪ್ಯಾಕೆಟ್ ಮೇಲಿನ ತಾರೀಕು ನೋಡಿ ತನ್ನಿ.

ನಮ್ಮ ಮನೆಯಲ್ಲಿ ಕರೆಂಟ್ ಒಲೆ, ಬೆಂಕಿಯ ಮೇಲೆ ಸುಡುವ ಯೋಗವಿಲ್ಲ. ಮೊದಲ ದಿನ ಸ್ಮೋಕ್ ಅಲಾರಂ ಹೊಡೆದುಕೊಂಡು ಪಕ್ಕದ ಮನೆಯವರು ಬಂದರು. ಮುಂದಿನ ವಾರ ಶೇಂಗಾ ಹಿಂಡಿ, ಎಣ್ಣೆಗಾಯಿ ಜೊತೆ ಊಟಕ್ಕೆ ಅವರನ್ನೇ ಕರೆದೆವು. ನಾನು ರೊಟ್ಟಿ ಬಡಿಯುವ ಸದ್ದು ಕೇಳಿ ರೂಮ್‌ಮೇಟ್ ನಕ್ಕಳು. ಅವರ ಕಡೆ ಬೆಲ್ಟಿನಷ್ಟು ಅಗಲದ ‘ಬಿಯಾಂಗ್ ಬಿಯಾಂಗ್’ ನೂಡಲ್ಸ್ ಮಾಡುವಾಗ ಹಿಟ್ಟನ್ನು ಮೇಜಿಗೆ ಹೊಡೆದು ಹೊಡೆದು ಉದ್ದ ಮಾಡುತ್ತಾರಂತೆ. ಆ ಸದ್ದಿನಿಂದಲೇ ಆ ಹೆಸರು ಬಂತು ಅನ್ನುತ್ತಾರಂತೆ.

ಕೊಳ್ಳುವಾಗ, ಉಡುವಾಗ

ಇಳಕಲ್ ಸೀರೆಗೂ ಕಸೂತಿಗೂ ಜಿಐ ಮಾನ್ಯತೆ ಇದೆ. ಬೇರೆ ಕಡೆ ಮಾಡಿದ್ದನ್ನು ಆ ಹೆಸರಿನಲ್ಲಿ ಮಾರಬಾರದು ಅನ್ನುವುದು ಅದರ ಉದ್ದೇಶ. ಆದರೂ ಪವರ್‌ಲೂಮ್ ಸೀರೆ, ಮಷೀನ್ ಕಸೂತಿ ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಕಡಿಮೆ ಬೆಲೆಯದನ್ನು ಕೊಂಡವರನ್ನು ದೂರುವಂತಿಲ್ಲ, ನಾನೂ ಕೊಂಡಿದ್ದೇನೆ. ಆದರೆ ಕೈಕೆಲಸದ ಬೆಲೆ ಕೊಡುವಾಗ ಕೈಕೆಲಸವೇ ಸಿಗಬೇಕು. ಎರಡು ಪರೀಕ್ಷೆ ನೆನಪಿಡಿ. ಒಂದು, ಒಡಲೂ ಸೆರಗೂ ಸೇರುವ ಜಾಗದಲ್ಲಿ ಬೆರಳಾಡಿಸಿ. ಕೊಂಡಿ ಹಾಕಿದ್ದರೆ ಅಲ್ಲಿ ಸಣ್ಣ ಕುಣಿಕೆಗಳ ಸಾಲು ಇರುತ್ತದೆ, ಒಂದು ಬಣ್ಣದ ಹಾಸು ನಿಂತು ಇನ್ನೊಂದು ಶುರುವಾಗುತ್ತದೆ. ಎರಡು, ಕಸೂತಿಯನ್ನು ಮಗುಚಿ ನೋಡಿ. ಹಿಂದೆ ಬೇರೆ ದಾರ, ಗಂಟು, ಅಂಟಿಸಿದ ಬಟ್ಟೆ ಇದ್ದರೆ ಅದು ಮಷೀನಿನದು. ಗವಂತಿಯಾಗಿದ್ದರೆ ಹಿಂಬದಿಯೇ ಇರುವುದಿಲ್ಲ.

ಜಿಐ ಕಾಪಾಡುವುದು ಹೆಸರನ್ನು. ಎಣಿಕೆಯನ್ನು ಕಾಪಾಡಬೇಕಾದರೆ ಅದು ಇನ್ನೊಂದು ಕೈಗೆ ಹೋಗಬೇಕು. ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ಅಜ್ಜಿಗೆ ಗೊತ್ತು. ಅಮ್ಮ ಓದಿ ಕೆಲಸಕ್ಕೆ ಸೇರಿದರು, ಕಲಿಯಲಿಲ್ಲ. ಅಜ್ಜಿಯೂ ಒತ್ತಾಯಿಸಲಿಲ್ಲ. ಮಗಳು ಓದಲಿ ಅಂತಲೇ ಅವರಿಗೂ ಇದ್ದದ್ದು. ನಾನು ಇಂಜಿನಿಯರಿಂಗ್ ಮುಗಿಸಿ ಇಲ್ಲಿಗೆ ಬಂದೆ. ಅಜ್ಜಿ ಯಾವತ್ತೂ ಪುಸ್ತಕ ನೋಡಿ ಹೊಲಿದವರಲ್ಲ, ಅವರ ವಿನ್ಯಾಸಗಳು ಕಾಗದದ ಮೇಲೆ ಎಲ್ಲೂ ಇಲ್ಲ. ಈಗ ವಾರಕ್ಕೊಮ್ಮೆ ಫೋನಿನಲ್ಲಿ ಅವರು ಹೇಳುತ್ತಾರೆ, ನಾನು ಚೌಕಳಿ ಹಾಳೆಯಲ್ಲಿ ಗುರುತು ಹಾಕುತ್ತೇನೆ. ಗೋಪುರ, ತುಳಸಿಕಟ್ಟೆ, ನವಿಲು, ಒಂದು ಸಣ್ಣ ತೇರು, ಇಷ್ಟು ಸಿಕ್ಕಿವೆ. ಅಂಬಾರಿ ಆನೆಯದು ಅರ್ಧಕ್ಕೆ ನಿಂತಿದೆ. ಸೊಂಡಿಲ ಹತ್ತಿರ ಎಷ್ಟು ಎಳೆ ಅಂತ ಅವರಿಗೆ ಬಾಯಲ್ಲಿ ಹೇಳಲು ಬರುತ್ತಿಲ್ಲ. “ಕೈಗೆ ಗೊತ್ತದ ತಂಗಿ, ಬಾಯಿಗೆ ಗೊತ್ತಿಲ್ಲ” ಅನ್ನುತ್ತಾರೆ. ಬರುವ ರಜೆಗೆ ಊರಿಗೆ ಹೋದಾಗ ಐಡಾ ಬಟ್ಟೆ ಒಯ್ಯಬೇಕು, ದೊಡ್ಡ ಮನೆಯದು. ಅದರ ತೂತುಗಳು ಅವರ ಬೆರಳಿಗಾದರೂ ಸಿಗಬಹುದು.

ನಿಮ್ಮ ಮನೆಯಲ್ಲೂ ಇಂಥದ್ದು ಒಂದಾದರೂ ಇರುತ್ತದೆ. ಅದು ಕಸೂತಿಯೇ ಆಗಬೇಕಿಲ್ಲ. ಚಾಪೆ ಹೆಣೆಯುವುದು, ಕೌದಿ ಹೊಲಿಯುವುದು, ಹಪ್ಪಳದ ಹದ, ಯಕ್ಷಗಾನದ ಮುಖವರ್ಣಿಕೆ, ಏನೇ ಇರಲಿ. ಈ ವಾರ ಫೋನ್ ಮಾಡಿದಾಗ ‘ಊಟ ಆಯ್ತಾ’ ಅಂತ ಕೇಳಿದ ಮೇಲೆ ಅದನ್ನೂ ಒಂದು ಮಾತು ಕೇಳಿ, ಬರೆದಿಟ್ಟುಕೊಳ್ಳಿ. ಮುಂದಿನ ರಾಜ್ಯೋತ್ಸವದ ದಿನ ನಮ್ಮ ಟೇಬಲ್ ಮೇಲೆ ಐಡಾ ಬಟ್ಟೆ, ಸೂಜಿ, ದಾರ ಇಟ್ಟಿರುತ್ತೇನೆ. ಹತ್ತು ಹೊಲಿಗೆಯ ಆ ಕವಲು ಎಲ್ಲರಿಗೂ ಕಲಿಸುತ್ತೇನೆ. ನನ್ನ ರೂಮ್‌ಮೇಟ್ ಆಗಲೇ ಕಲಿತಿದ್ದಾಳೆ. ನಾನು ಅವಳಿಂದ ಮೀನು ಕತ್ತರಿಸುವುದನ್ನು ಕಲಿತೆ. ಬಾಲ ಮಾತ್ರ ಪ್ರತಿ ಸಲ ಹರಿದುಹೋಗುತ್ತಿದೆ.

ರೊಟ್ಟಿಯೂ ಇರುತ್ತದೆ. ಬನ್ನಿ.